ಆರ್‌ಎಕ್ಸ್ 100 ಎಂಜಿನ್‌ಗೆ 135ರ ಬ್ಲಾಕ್: ಬಿಚ್ಚುವುದರಿಂದ ರನ್ನಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಕಳೆದ ಬೇಸಿಗೆಯಿಂದ ಈಚೆಗೆ ಏಳು ಯಮಾಹಾ ಆರ್‌ಎಕ್ಸ್ 100 ಗಾಡಿಗಳು ಸೀಜ್ ಆಗಿ (ಪಿಸ್ಟನ್ ಸಿಕ್ಕಿಕೊಂಡು ಎಂಜಿನ್ ಜಾಮ್ ಆಗಿ) ನನ್ನ ಹತ್ತಿರ ಬಂದಿವೆ. ಆಳಂದದ ಕಡೆಯಿಂದ ಎರಡು, ಶಹಾಬಾದಿನಿಂದ ಒಂದು, ಉಳಿದವು ಕಲಬುರಗಿ ಊರಿನವೇ. ಏಳಕ್ಕೂ ಆರ್‌ಎಕ್ಸ್ 135ರ ಬ್ಲಾಕ್, ಅಂದರೆ ಅದರ ದೊಡ್ಡ ಸಿಲಿಂಡರ್, ಹಾಕಿದ್ದರು. ಸಾಮಾನು ಬಹುಪಾಲು ಚೆನ್ನಾಗಿಯೇ ಇತ್ತು, ಕೆಟ್ಟಿದ್ದು ಕೆಲಸದ ಕ್ರಮ. ಬೆಳಿಗ್ಗೆ ಬ್ಲಾಕ್ ತಂದು, ಮಧ್ಯಾಹ್ನ ಬಿಚ್ಚಿ, ಸಂಜೆ ಕಿಕ್ ಹೊಡೆದು, ಮರುದಿನ ಜೇವರ್ಗಿ ರಸ್ತೆಯಲ್ಲಿ ಎಕ್ಸಲರೇಟರ್ ಪೂರ್ತಿ ತಿರುವಿದ ಗಾಡಿಗಳು ಅವು. "ಸರ, ಬ್ಲಾಕ್ ಬರೋಬರಿ ಕುಂತದರಿ, ಮತ್ಯಾಕ ಜಾಮ್ ಆಯ್ತು?" ಎಂದು ಏಳು ಜನರೂ ಕೇಳಿದರು. ಬ್ಲಾಕ್ ಕೂತಿತು ಎಂದರೆ ಕೆಲಸದ ಮೂರನೇ ಒಂದು ಭಾಗ ಮುಗಿಯಿತು ಅಷ್ಟೇ. ಉಳಿದ ಎರಡು ಭಾಗ ಏನೆಂದು ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕ ಸರಳ. ಆರ್‌ಎಕ್ಸ್ 100ರ ಬೋರ್ (ಸಿಲಿಂಡರಿನ ಒಳ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 50 ಮಿ.ಮೀ., ಒಟ್ಟು 98 ಸಿಸಿ. ಆರ್‌ಎಕ್ಸ್ 135ರಲ್ಲಿ ಬೋರ್ 58 ಮಿ.ಮೀ., ಸ್ಟ್ರೋಕ್ ಮಾತ್ರ ಅದೇ 50, ಒಟ್ಟು 132 ಸಿಸಿ. ಸ್ಟ್ರೋಕ್ ಒಂದೇ ಆದ್ದರಿಂದ ಹಳೆಯ ಚೇಂಬರ್ (ಕ್ರ್ಯಾಂಕ್, ಗೇರ್ ಇರುವ ಎಂಜಿನ್ನಿನ ಕೆಳಪೆಟ್ಟಿಗೆ) ಮೇಲೆ ದೊಡ್ಡ ಬ್ಲಾಕ್ ಕೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಆಸೆ ತಪ್ಪಲ್ಲ, ಕೆಲಸವೂ ಆಗುತ್ತದೆ. ಆದರೆ ಅದು ಒಂದು ದಿನದ ಕೆಲಸವಲ್ಲ. ಲೇತ್‌ಗೆ ಹೋಗಿ ಬರುವುದೂ ಸೇರಿದರೆ ಕೈ ಪಳಗಿದವರಿಗೇ ಒಂದು ವಾರ ಬೇಕು.

ಮೊದಲು ಕಾಗದ

ಆರ್‌ಸಿ ಪುಸ್ತಕದಲ್ಲಿ 98 ಸಿಸಿ ಎಂದು ಬರೆದ ಗಾಡಿ 132 ಸಿಸಿ ಆದರೆ ಕಾನೂನಿನ ಕಣ್ಣಿಗೆ ಅದು ಮಾರ್ಪಾಡು. ತಯಾರಕರು ಕೊಟ್ಟ ವಿವರಕ್ಕಿಂತ ಆರ್‌ಸಿ ವಿವರ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದೂ ಇದನ್ನೇ. ಹಾಗಾಗಿ ಸ್ಪರ್ಧೆಗೆ, ಸ್ವಂತ ಜಮೀನಿನಲ್ಲಿ ಓಡಿಸಲಿಕ್ಕೆ ಈ ಎಂಜಿನ್ ಕಟ್ಟುವವರು ಕಟ್ಟಿ. ರಸ್ತೆಯ ಮೇಲೆ ತರುವ ಇರಾದೆ ಇದ್ದರೆ ಪಾನಾ ಹಿಡಿಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಇನ್ನೊಂದು ಮಾತು. ಎಂಜಿನ್ ನಂಬರ್ ಇರುವುದು ಚೇಂಬರ್ ಮೇಲೆ. "ಬೋರ್ ಮಾಡಿಸೋದ್ಯಾಕ, 135ರ ಚೇಂಬರೇ ತಗೊಳ್ರಿ, ಅಗ್ಗದ ದರಕ್ಕ ಅದ" ಎಂದು ಗುಜರಿಯವರು ಹೇಳುತ್ತಾರೆ. ಕಾಗದವಿಲ್ಲದ ಚೇಂಬರ್ ಕದ್ದ ಗಾಡಿಯದೂ ಇರಬಹುದು, ಮುಟ್ಟಬೇಡಿ. ನಿಮ್ಮ ಗಾಡಿಯ ಹಳೆಯ 50 ಮಿ.ಮೀ. ಬ್ಲಾಕ್, ಹೆಡ್, ಪಿಸ್ಟನ್‌ಗಳನ್ನೂ ಎಣ್ಣೆ ಹಚ್ಚಿ ಕಟ್ಟಿಡಿ. 1996ರಲ್ಲೇ ತಯಾರಿ ನಿಂತ ಗಾಡಿಗೆ ಅಸಲಿ ಬ್ಲಾಕ್ ಮತ್ತೆ ಸಿಗುವುದಿಲ್ಲ.

ಬೇಕಾಗುವ ಸಲಕರಣೆ

ವರ್ನಿಯರ್, ಡಯಲ್ ಗೇಜ್, ಫೀಲರ್ ಗೇಜ್, ಟಾರ್ಕ್ ಪಾನಾ, ಮ್ಯಾಗ್ನೆಟ್ ಪುಲ್ಲರ್, ಚೇಂಬರ್ ಬೇರ್ಪಡಿಸುವ ಪುಲ್ಲರ್, ಕ್ಲಚ್ ಹಿಡಿದುಕೊಳ್ಳುವ ಹ್ಯಾಂಡಲ್, 10 ಅಥವಾ 20 ಮಿ.ಲೀ. ಸಿರಿಂಜ್, 1.5 ಮಿ.ಮೀ. ದಪ್ಪದ ಸೋಲ್ಡರ್ ತಂತಿ. ಇದರ ಜೊತೆಗೆ ಬಿಪಿ ನೋಡುವ ಹಳೆಯ ಉಪಕರಣದ ರಬ್ಬರ್ ಪಂಪ್ ಮತ್ತು ಗಡಿಯಾರದಂಥ ಗೇಜ್. ಅದು ಯಾಕೆ ಎಂದು ಎಂಟನೇ ಹಂತದಲ್ಲಿ ಗೊತ್ತಾಗುತ್ತದೆ. ಬೋರ್ ಗೇಜ್ ಮತ್ತು ಮೈಕ್ರೋಮೀಟರ್ ಬೋರಿಂಗ್ ಅಂಗಡಿಯಲ್ಲಿ ಇರುತ್ತವೆ. ಅವರು ಅಳೆಯುವಾಗ ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಿ.

ಹಂತ 1: ಹಳೆಯ ಕ್ರ್ಯಾಂಕ್ ಹೊರೆ ಹೊರುತ್ತದೆಯೇ ನೋಡಿ

ಹೆಡ್, ಬ್ಲಾಕ್ ತೆಗೆದು, ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆಯಿರಿ. ಟಕ್ ಎಂದು ಸಣ್ಣ ಸದ್ದು ಬಂದರೂ ಕ್ರ್ಯಾಂಕ್ ರೀಕಂಡೀಷನ್‌ಗೆ ಹೋಗಬೇಕು. ಅಕ್ಕಪಕ್ಕ ಸ್ವಲ್ಪ ಓಲಾಡಿದರೆ ಹೆದರಬೇಡಿ, ಅದು ಇರಬೇಕಾದದ್ದೇ. ಮ್ಯಾಗ್ನೆಟ್ ಬದಿಯ ಕ್ರ್ಯಾಂಕ್ ತುದಿಗೆ ಡಯಲ್ ಗೇಜ್ ಹಚ್ಚಿ ತಿರುಗಿಸಿ. ಮುಳ್ಳು 0.03 ಮಿ.ಮೀ.ಗಿಂತ ಹೆಚ್ಚು ಆಡಿದರೆ ಕ್ರ್ಯಾಂಕ್ ಸೊಟ್ಟಗಾಗಿದೆ.

58ರ ಪಿಸ್ಟನ್ ತೂಕ ಹೆಚ್ಚು, ಅದರ ಮೇಲೆ ಬೀಳುವ ಒತ್ತಡವೂ ಹೆಚ್ಚು. 98 ಸಿಸಿಯಲ್ಲಿ ಇನ್ನೆರಡು ವರ್ಷ ಬರುತ್ತಿದ್ದ ಬೇರಿಂಗ್ 132ರಲ್ಲಿ ಎರಡು ತಿಂಗಳೂ ಬರುವುದಿಲ್ಲ. ಚೇಂಬರ್ ಹೇಗೂ ಬಿಚ್ಚುತ್ತೀರಿ, ಆಗಲೇ ಎರಡೂ ಮೇನ್ ಬೇರಿಂಗ್, ಎರಡೂ ಬದಿಯ ಆಯಿಲ್ ಸೀಲ್ ಹೊಸದು ಹಾಕಿ. ಇಲ್ಲಿ ಉಳಿಸಿದ ದುಡ್ಡು ಯಾರಿಗೂ ದಕ್ಕಿದ್ದು ನಾನು ನೋಡಿಲ್ಲ.

ಹಂತ 2: ಸಾಮಾನು ಒಟ್ಟುಮಾಡಿ, ಎಲ್ಲವನ್ನೂ ಅಳೆಯಿರಿ

ಬ್ಲಾಕ್ ಮತ್ತು ಹೆಡ್ ಎರಡೂ 135ರದ್ದೇ ಬೇಕು. ಪಿಸ್ಟನ್, ರಿಂಗ್, ಪಿನ್, ಲಾಕ್, ಸಣ್ಣ ತುದಿಯ ಸೂಜಿ ಬೇರಿಂಗ್, ಬ್ಲಾಕ್ ಪ್ಯಾಕಿಂಗ್ (ಗ್ಯಾಸ್ಕೆಟ್), ಹೆಡ್ ಪ್ಯಾಕಿಂಗ್ ಹೊಸದು. ರೀಡ್ ವಾಲ್ವ್ (ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ಎಲೆ ಬಾಗಿಲು) ಮತ್ತು ಇನ್‌ಟೇಕ್ ರಬ್ಬರ್ ಬ್ಲಾಕ್‌ನ ಜೊತೆಗೇ ಬಂದರೆ ಒಳ್ಳೆಯದು. ರೀಡ್‌ನ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಿ, ಅಂಚಿನಲ್ಲಿ ಬಿರುಕು ಅಥವಾ ದೊಡ್ಡ ಸಂದು ಕಂಡರೆ ಬದಲಿಸಿ.

ನಮ್ಮಲ್ಲಿ ಸಿಗದ ಸಾಮಾನಿಗೆ ಸೊಲ್ಲಾಪುರ ಅಥವಾ ಹೈದರಾಬಾದಿಗೆ ಹೋಗುವುದು ರೂಢಿ. ಹೋಗುವಾಗ ವರ್ನಿಯರ್ ಜೇಬಿನಲ್ಲಿರಲಿ. ಸೆಕೆಂಡ್‌ಹ್ಯಾಂಡ್ ಬ್ಲಾಕ್ ಕೊಳ್ಳುವಾಗ ಬೋರ್ ಎಷ್ಟಕ್ಕೆ ಬಂದಿದೆ ಎಂದು ಅಳೆಯಿರಿ. 58ರ ಬ್ಲಾಕ್ ಈಗಾಗಲೇ 59 ಹತ್ತಿರ ಇದ್ದರೆ ಮುಂದಿನ ಬೋರಿಂಗ್‌ಗೆ ದಾರಿ ಉಳಿದಿಲ್ಲ, ಸ್ಲೀವ್ (ಬ್ಲಾಕ್ ಒಳಗಿನ ಕಬ್ಬಿಣದ ಕೊಳವೆ) ಬದಲಿಸುವ ಖರ್ಚು ಲೆಕ್ಕಕ್ಕೆ ಹಿಡಿದು ಬೆಲೆ ಮಾತಾಡಿ. ಫಿನ್ ಮುರಿದಿದ್ದರೆ ಪರವಾಗಿಲ್ಲ. ಎಕ್ಸಾಸ್ಟ್ ಬೋಲ್ಟ್‌ನ ಎಳೆ ಹಾರಿದ್ದರೆ ಬಿಟ್ಟುಬಿಡಿ.

ಪಿಸ್ಟನ್ ಪಿನ್ ನಿಮ್ಮ ರಾಡ್‌ನ ಸೂಜಿ ಬೇರಿಂಗ್‌ನಲ್ಲಿ ಬೆರಳಿನ ಒತ್ತಡಕ್ಕೇ ಜಾರಿ ಹೋಗಬೇಕು, ಆದರೆ ಅಲ್ಲಾಡಬಾರದು. ಹಾಗಾಗದಿದ್ದರೆ ಪಿನ್‌ಗೆ ಬುಶ್ ಮಾಡಿಸುವ ಜುಗಾಡಕ್ಕೆ ಇಳಿಯಬೇಡಿ, 135ರ ರಾಡ್ ಕಿಟ್‌ನಲ್ಲೇ ಕ್ರ್ಯಾಂಕ್ ಕಟ್ಟಿಸಿ.

ಅಸಲಿ ಪೊಟ್ಟಣ, ನಕಲಿ ಪೊಟ್ಟಣ ಎರಡರ ಮೇಲೂ 58.00 ಎಂದೇ ಬರೆದಿರುತ್ತದೆ. ಅದನ್ನು ನಂಬಿ ಬೋರ್ ಮಾಡಿಸಬೇಡಿ. ಪಿಸ್ಟನ್ ಕೈಯಲ್ಲಿ ಹಿಡಿದು ಸ್ಕರ್ಟ್‌ನ (ಪಿಸ್ಟನ್‌ನ ಕೆಳಗೋಡೆಯ) ಕೆಳಭಾಗದಲ್ಲಿ, ಪಿನ್‌ಗೆ ಅಡ್ಡವಾಗಿ ಮೈಕ್ರೋಮೀಟರ್ ಹಾಕಿ ಬಂದ ಅಂಕಿಯೇ ನಿಮ್ಮ ಅಂಕಿ.

ಹಂತ 3: ಚೇಂಬರ್ ಬಿಚ್ಚುವುದು

ಎಂಜಿನ್ ಇಳಿಸುವ ಮೊದಲೇ ಡೀಸೆಲ್‌ನಿಂದ ತೊಳೆಯಿರಿ. ಪ್ರತಿ ಸ್ಕ್ರೂ ತೆಗೆದ ಜಾಗಕ್ಕೆ ಸರಿಯಾಗಿ ಒಂದು ರಟ್ಟಿನ ಮೇಲೆ ಚುಚ್ಚಿಡಿ, ಅವುಗಳ ಉದ್ದ ಬೇರೆ ಬೇರೆ ಇರುತ್ತದೆ. ಸ್ಕ್ರೂ ತಲೆ ಸವೆಯುವ ಮೊದಲು ಇಂಪ್ಯಾಕ್ಟ್ ಡ್ರೈವರ್ ಬಳಸಿ. ಗೇರ್ ಶಾಫ್ಟ್‌ಗಳ ತುದಿಯ ವಾಷರ್‌ಗಳು ಚೇಂಬರ್‌ಗೆ ಅಂಟಿಕೊಂಡು ಬರುತ್ತವೆ, ಪ್ರತಿಯೊಂದರ ಫೋಟೋ ತೆಗೆಯಿರಿ.

ಎರಡು ಅರ್ಧಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಲಿ ಬಿದ್ದ ಒಂದು ಗೀರಿನಿಂದ ಮುಂದೆ ಗಾಳಿ ಸೋರುತ್ತದೆ. ಎರಡು ಸ್ಟ್ರೋಕ್ ಎಂಜಿನ್ನಿಗೆ ಚೇಂಬರ್ ಅಂದರೆ ಪಂಪು. ಸೋರಿ ಒಳಬಂದ ಗಾಳಿಯಿಂದ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಡುತ್ತದೆ.

ಹಂತ 4: ಚೇಂಬರ್ ಬಾಯಿ ದೊಡ್ಡದು ಮಾಡಿಸುವುದು

ಹೆಚ್ಚು ಜನ ಎಡವುವುದು ಇಲ್ಲೇ. 100ರ ಸ್ಲೀವ್ ಇಳಿಯುವ ಬಾಯಿಗೆ 135ರ ಸ್ಲೀವ್ ಇಳಿಯುವುದಿಲ್ಲ. ಬಾಯಿಯನ್ನು ಕೊರೆಯಲೇಬೇಕು.

ಮೊದಲು ಬ್ಲಾಕ್‌ನ ಕೆಳಗೆ ಚಾಚಿದ ಸ್ಲೀವ್‌ನ ಹೊರ ಅಳತೆಯನ್ನು ನಾಲ್ಕು ಕಡೆ ತೆಗೆದು, ಎಲ್ಲಕ್ಕಿಂತ ದೊಡ್ಡದನ್ನು ಬರೆದುಕೊಳ್ಳಿ. ಅದಕ್ಕೆ 0.2 ಮಿ.ಮೀ. ಸೇರಿಸಿದರೆ ಬಾಯಿಯ ಅಳತೆ. ಆಳಕ್ಕೆ, ಸ್ಲೀವ್ ಚಾಚಿದ ಉದ್ದಕ್ಕೆ 1 ಮಿ.ಮೀ. ಸೇರಿಸಿ. ಈ ಎರಡು ಅಂಕಿಗಳನ್ನು ಕಾಗದದ ಮೇಲೆ ಬರೆದು ಲೇತ್‌ನವರ ಕೈಗೆ ಕೊಡಿ. ಬಾಯಿ ಮಾತಿನಲ್ಲಿ ಹೇಳಿದ್ದು ಸಂಜೆಯ ಹೊತ್ತಿಗೆ ಬೇರೆಯಾಗಿರುತ್ತದೆ.

ಆಮೇಲೆ ಹೊಸ ಬ್ಲಾಕ್ ಪ್ಯಾಕಿಂಗನ್ನು ಚೇಂಬರ್ ಮೇಲಿಟ್ಟು ಸೂಜಿಯಿಂದ ಗೆರೆ ಎಳೆಯಿರಿ. ಸ್ಟಡ್‌ಗಳು ನೇರವಾಗಿ ತೂರುತ್ತವೆಯೇ, ಕೊರೆದ ಮೇಲೆ ಪ್ಯಾಕಿಂಗ್ ಕೂರಲು ಎಷ್ಟು ಲೋಹ ಉಳಿಯುತ್ತದೆ, ಎರಡೂ ಈಗಲೇ ಗೊತ್ತಾಗಬೇಕು. ನನ್ನ ಮಿತಿ 3 ಮಿ.ಮೀ. ಎಲ್ಲಾದರೂ ಅದಕ್ಕಿಂತ ಕಿರಿದಾಗುವುದಿದ್ದರೆ ಅಲ್ಲಿ ಅಲ್ಯೂಮಿನಿಯಂ ವೆಲ್ಡಿಂಗ್ ಹಾಕಿಸಿ, ಮುಖ ಸಮ ಮಾಡಿಸಿ, ಆಮೇಲೆ ಕೊರೆಸಬೇಕು.

ಚೇಂಬರ್‌ನ ಎರಡೂ ಅರ್ಧಗಳನ್ನು ಒಳಗಿನ ಸಾಮಾನೆಲ್ಲ ತೆಗೆದು, ಡೌಲ್ ಪಿನ್ (ಎರಡು ಅರ್ಧಗಳನ್ನು ಸಾಲಿನಲ್ಲಿಡುವ ಸಣ್ಣ ಗೂಟ) ಹಾಕಿ, ಎಲ್ಲ ಸ್ಕ್ರೂಗಳನ್ನೂ ಬಿಗಿದು, ಒಂದೇ ತುಂಡಿನಂತೆ ಲೇತ್‌ಗೆ ಕೊಡಬೇಕು. ನನ್ನ ಮೊದಲ ಚೇಂಬರ್ ಕೆಟ್ಟಿದ್ದು ಇಲ್ಲೇ. ಲೇತ್‌ನವರೊಬ್ಬರು ಎರಡು ಅರ್ಧಗಳನ್ನು ಬೇರೆ ಬೇರೆ ಕಟ್ಟಿ ಕೊರೆದಿದ್ದರು. ಮನೆಗೆ ತಂದು ಜೋಡಿಸಿದರೆ ಬಾಯಿ ತತ್ತಿಯ ಆಕಾರ. ಬ್ಲಾಕ್ ಒಂದು ಬದಿಗೆ ವಾಲಿ ಕೂತಿತ್ತು, ರಾಡ್ ಮತ್ತೊಂದು ಬದಿಗೆ ಎಳೆಯುತ್ತಿತ್ತು. ಆ ಚೇಂಬರ್ ಇನ್ನೂ ನನ್ನ ಅಟ್ಟದ ಮೇಲಿದೆ.

ಈಗ ನಾನು ಕಪನೂರ ಕೈಗಾರಿಕಾ ಪ್ರದೇಶದ ಒಬ್ಬ ಉಸ್ತಾದರ ಹತ್ತಿರ ಹೋಗುತ್ತೇನೆ. ಚೇಂಬರನ್ನು ಫೇಸ್‌ಪ್ಲೇಟಿಗೆ (ಲೇತ್‌ನ ತಿರುಗುವ ತಟ್ಟೆಗೆ) ಕಟ್ಟಿದ ಮೇಲೆ ಅವರು ಯಂತ್ರ ಚಾಲೂ ಮಾಡುವುದಿಲ್ಲ. ಡಯಲ್ ಗೇಜಿನ ಮೊನೆಯನ್ನು ಹಳೆಯ ಬಾಯಿಯ ಒಳಗೋಡೆಗೆ ತಾಗಿಸಿ, ಆ ತಟ್ಟೆಯನ್ನು ಕೈಯಿಂದಲೇ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ಮುಳ್ಳು ಎಲ್ಲಿ ಓಡುತ್ತದೋ ಅಲ್ಲಿ ತಾಮ್ರದ ಸುತ್ತಿಗೆಯಿಂದ ಒಂದು ತಟ್ಟು, ಮತ್ತೆ ಒಂದು ಸುತ್ತು. ಮುಳ್ಳು 0.02ರ ಒಳಗೆ ನಿಲ್ಲುವವರೆಗೆ ಇದೇ. ಕಳೆದ ಸಲ ಇದಕ್ಕೇ ನಲವತ್ತು ನಿಮಿಷ ಹಿಡಿಯಿತು, ಕೊರೆಯಲು ಹದಿನೈದೇ ನಿಮಿಷ. ಕೊನೆಯ ಎರಡು ಸುತ್ತಿನಲ್ಲಿ ಸೀಮೆಎಣ್ಣೆ ಹನಿಸುತ್ತ ತೆಳ್ಳಗೆ ತೆಗೆಯುತ್ತಾರೆ. ಅಲ್ಯೂಮಿನಿಯಂ ಆಗ ಮೊಸರಿನ ಕೆನೆಯಂತೆ ಸುರುಳಿಯಾಗಿ ಬರುತ್ತದೆ, ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಬಾಯಿಗೆ ಬ್ಲಾಕ್ ಇಳಿಸಿದರೆ ತನ್ನ ತೂಕಕ್ಕೇ ಕೆಳಗೆ ಜಾರಬೇಕು. ಜಾರದಿದ್ದರೆ ಅಲ್ಲೇ ಹೇಳಿ, ಯಂತ್ರದಿಂದ ಚೇಂಬರ್ ಬಿಚ್ಚುವ ಮೊದಲು.

ಹ್ಯಾಂಡ್ ಗ್ರೈಂಡರ್‌ನಿಂದ ಬಾಯಿ ಕೊರೆಯುವವರೂ ಇದ್ದಾರೆ. ಏಳರಲ್ಲಿ ಮೂರು ಎಂಜಿನ್‌ಗಳು ಅಂಥವೇ. ಕೆಲವರು ಚೇಂಬರ್ ಬಿಚ್ಚದೆ, ಕ್ರ್ಯಾಂಕ್ ಒಳಗಿರುವಾಗಲೇ ಬಟ್ಟೆ ತುರುಕಿ ಉಜ್ಜುತ್ತಾರೆ. ಅಲ್ಯೂಮಿನಿಯಂ ಪುಡಿ ಬಟ್ಟೆಯನ್ನು ದಾಟಿ ಬೇರಿಂಗ್ ಸೇರುತ್ತದೆ, ಮೊದಲ ಐವತ್ತು ಕಿಲೋಮೀಟರಿನಲ್ಲೇ ಗರಗರ ಸದ್ದು ಶುರು.

ಹಂತ 5: ಟ್ರಾನ್ಸ್‌ಫರ್ ದಾರಿ ಹೊಂದಿಸುವುದು

135ರ ಬ್ಲಾಕ್‌ನ ಟ್ರಾನ್ಸ್‌ಫರ್ ಬಾಯಿಗಳು (ಚೇಂಬರಿನಿಂದ ಪಿಸ್ಟನ್ ಮೇಲಕ್ಕೆ ಮಿಶ್ರಣ ಹೋಗುವ ದಾರಿಗಳು) ಚೇಂಬರ್‌ನ ಬಾಯಿಗಳಿಗಿಂತ ಅಗಲ. ಪ್ಯಾಕಿಂಗನ್ನೇ ಅಚ್ಚು ಮಾಡಿಕೊಂಡು ಗುರುತು ಹಾಕಿ, ಡೈ ಗ್ರೈಂಡರ್‌ನಿಂದ ಚೇಂಬರ್ ಬದಿಯ ಮೆಟ್ಟಿಲು ತೆಗೆಯಿರಿ. ಗ್ಯಾಸ್ ಜಾರಿ ಹೋಗುವ ಇಳಿಜಾರು ಮಾಡಿದರೆ ಸಾಕು, ಹೊಳಪು ಬೇಕಿಲ್ಲ. ಬ್ಲಾಕ್‌ನ ಒಳಗಿನ ಪೋರ್ಟ್‌ಗಳನ್ನು ಮಾತ್ರ ಮುಟ್ಟಬೇಡಿ. ಎಕ್ಸಾಸ್ಟ್ ಪೋರ್ಟ್ ಎತ್ತರಿಸುವುದು ಬೇರೆಯೇ ವಿದ್ಯೆ. ಒಂದೇ ಸಲಕ್ಕೆ ಎರಡು ಪ್ರಯೋಗ ಮಾಡಿದರೆ ಆಮೇಲೆ ಯಾವುದರಿಂದ ಕೆಟ್ಟಿತೆಂದು ಹುಡುಕುವುದು ಕಷ್ಟ.

ಮುಗಿದ ಮೇಲೆ ಚೇಂಬರನ್ನು ಸೋಪಿನ ಬಿಸಿ ನೀರಿನಲ್ಲಿ ಮೂರು ಸಲ ತೊಳೆದು, ಪ್ರತಿ ಎಣ್ಣೆ ತೂತಿಗೂ ಗಾಳಿ ಹೊಡೆಯಿರಿ.

ಹಂತ 6: ಬೋರ್ ಮತ್ತು ರಿಂಗ್

ಪಿಸ್ಟನ್ ಮೊದಲು, ಬೋರ್ ಆಮೇಲೆ. ಪಿಸ್ಟನ್‌ನ ಅಳತೆಗೆ 0.04ರಿಂದ 0.05 ಮಿ.ಮೀ. ಸೇರಿಸಿ ಬೋರ್ ಮತ್ತು ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದ ಮಾಡುವುದು) ಮಾಡಿಸಿ. ಪಿಸ್ಟನ್ ಪೊಟ್ಟಣದಲ್ಲಿ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. "ಟೈಟ್ ಇದ್ರ ಪಿಕಪ್ ಬರ್ತದ" ಎಂದು 0.02 ಇಡಿಸುವ ಹುಡುಗರಿದ್ದಾರೆ. ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟುವ ಊರು ನಮ್ಮದು, ಗಾಳಿಯಿಂದ ತಣಿಯುವ ಎಂಜಿನ್ ಇದು. ಪಿಸ್ಟನ್ ಉಬ್ಬಲು ಜಾಗ ಕೊಡಲೇಬೇಕು.

ಹೋನಿಂಗ್ ಆದ ಮೇಲೆ ಪ್ರತಿ ಪೋರ್ಟ್‌ನ ಅಂಚಿಗೂ ಸಣ್ಣ ಚ್ಯಾಂಫರ್ (ಚೂಪು ತೆಗೆದ ಓರೆ ಅಂಚು) ಬೇಕು. ಬೆರಳು ಆಡಿಸಿದರೆ ಎಲ್ಲೂ ತರಚಬಾರದು, ತರಚಿದರೆ ಅಲ್ಲೇ ರಿಂಗ್ ಮುರಿಯುತ್ತದೆ. ರಿಂಗನ್ನು ಬೋರ್ ಒಳಗಿಟ್ಟು ಪಿಸ್ಟನ್‌ನಿಂದ ನೇರ ತಳ್ಳಿ, ತುದಿಗಳ ಸಂದು ಫೀಲರ್‌ನಿಂದ ನೋಡಿ. 0.20ರಿಂದ 0.35 ಮಿ.ಮೀ. ಇದ್ದರೆ ಸರಿ.

ಹಂತ 7: ಒಣ ಜೋಡಣೆ

ಸೀಲೆಂಟ್ ಇಲ್ಲದೆ, ರಿಂಗ್ ಇಲ್ಲದೆ, ಎಂಜಿನ್ನನ್ನು ಬರೀ ಅಳತೆಗಾಗಿ ಒಮ್ಮೆ ಜೋಡಿಸುವುದು ಇದು. ಏಳು ಗಾಡಿಗಳಲ್ಲಿ ಒಂದಕ್ಕೂ ಇದನ್ನು ಮಾಡಿರಲಿಲ್ಲ. ಮಾಡಿದ್ದರೆ ನಾಲ್ಕಾದರೂ ಉಳಿಯುತ್ತಿದ್ದವು.

ಕ್ರ್ಯಾಂಕ್, ಪಿಸ್ಟನ್, ಪ್ಯಾಕಿಂಗ್, ಬ್ಲಾಕ್ ಹಾಕಿ ನಟ್‌ಗಳನ್ನು ಹದವಾಗಿ ಬಿಗಿಯಿರಿ. ನೋಡಬೇಕಾದದ್ದು ನಾಲ್ಕು.

ಪಿಸ್ಟನ್ ಕೆಳಗಿನ ತುದಿಗೆ ಬಂದಾಗ ಅದರ ಸ್ಕರ್ಟ್ ಕ್ರ್ಯಾಂಕ್ ಚಕ್ರಗಳಿಗೆ ತಾಗುತ್ತದೆಯೇ? ಕನಿಷ್ಠ 1 ಮಿ.ಮೀ. ಜಾಗ ಬೇಕು. ಚಕ್ರದ ಅಂಚಿಗೆ ಮಾರ್ಕರ್ ಬಣ್ಣ ಹಚ್ಚಿ ಹತ್ತು ಸುತ್ತು ತಿರುಗಿಸಿ, ಉಜ್ಜಿದರೆ ಬಣ್ಣ ಹೋಗಿರುತ್ತದೆ.

ಅದೇ ಕೆಳಗಿನ ತುದಿಯಲ್ಲಿ ಪಿಸ್ಟನ್‌ನ ತಲೆ ಟ್ರಾನ್ಸ್‌ಫರ್ ಪೋರ್ಟ್‌ನ ಕೆಳ ಅಂಚಿಗೆ ಸಮನಾಗಿದೆಯೇ? ಪಿಸ್ಟನ್ ಮೇಲುಳಿದು ಪೋರ್ಟ್‌ನ ಒಂದು ಭಾಗ ಮುಚ್ಚಿದ್ದರೆ ಬ್ಲಾಕ್ ತೀರ ತಗ್ಗಿನಲ್ಲಿ ಕೂತಿದೆ, ದಪ್ಪ ಪ್ಯಾಕಿಂಗ್ ಬೇಕು. ಪಿಸ್ಟನ್ ಅಂಚಿಗಿಂತ ಬಹಳ ಕೆಳಗಿಳಿದಿದ್ದರೆ ಬ್ಲಾಕ್ ಎತ್ತರವಾಗಿದೆ.

ಮೇಲಿನ ತುದಿಯಲ್ಲಿ ಎಕ್ಸಾಸ್ಟ್ ಬಾಯಿಯಿಂದ ಟಾರ್ಚ್ ಬಿಡಿ. ಸ್ಕರ್ಟ್‌ನ ಕೆಳಗಿನಿಂದ ಚೇಂಬರ್ ಒಳಗೆ ಬೆಳಕು ಹೋದರೆ ತಾಜಾ ಮಿಶ್ರಣ ಪ್ರತಿ ಸುತ್ತಿಗೂ ಸೈಲೆನ್ಸರ್ ಪಾಲಾಗುತ್ತದೆ. ಅಂದರೆ ಆ ಪಿಸ್ಟನ್ ಈ ಬ್ಲಾಕ್‌ಗೆ ಹೊಂದುವುದಲ್ಲ.

ನಾಲ್ಕನೆಯದು ಸ್ಕ್ವಿಶ್ ಸಂದು, ಪಿಸ್ಟನ್‌ನ ಅಂಚಿಗೂ ಹೆಡ್‌ಗೂ ನಡುವಿನ ಜಾಗ. ಸೋಲ್ಡರ್ ತಂತಿಯ ಎರಡು ತುಂಡುಗಳನ್ನು ಪಿನ್ ಇರುವ ಸಾಲಿನಲ್ಲೇ, ಎಡಕ್ಕೊಂದು ಬಲಕ್ಕೊಂದು, ಬೋರ್ ಗೋಡೆಗೆ ತಾಗುವಂತೆ ಗ್ರೀಸ್‌ನಿಂದ ಅಂಟಿಸಿ. ಹೆಡ್ ಹಾಕಿ, ಪೂರ್ತಿ ಬಿಗಿದು, ಮ್ಯಾಗ್ನೆಟ್ ಹಿಡಿದು ಒಂದು ಸುತ್ತು ತಿರುಗಿಸಿ. ತೆಗೆದಾಗ ತಂತಿಯ ತುದಿ ಚಪ್ಪಟೆಯಾಗಿರುತ್ತದೆ, ವರ್ನಿಯರ್‌ನಿಂದ ಅಳೆಯಿರಿ. 1.0ರಿಂದ 1.2 ಮಿ.ಮೀ. ಬರಬೇಕು. 0.8ಕ್ಕಿಂತ ಕಡಿಮೆ ಬಂದರೆ ಬಿಸಿಯಾದಾಗ ಪಿಸ್ಟನ್ ಹೆಡ್‌ಗೆ ಬಡಿಯುವ ಭಯ. ತಂತಿ ಒತ್ತಿಯೇ ಇಲ್ಲವೆಂದರೆ 1.5ಕ್ಕಿಂತ ಹೆಚ್ಚಿದೆ, ಪಿಕಪ್ ಸತ್ತಂತೆ. ಎಡದ ತಂತಿಗೂ ಬಲದ ತಂತಿಗೂ 0.1ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬ್ಲಾಕ್ ಸೊಟ್ಟ ಕೂತಿದೆ, ನಾಲ್ಕನೇ ಹಂತಕ್ಕೆ ಮರಳಿ ಹೋಗಿ.

ಕಂಪ್ರೆಷನ್ ಲೆಕ್ಕವನ್ನೂ ಈಗಲೇ ಮುಗಿಸಿ. ಪಿಸ್ಟನ್‌ನ ಅಂಚಿಗೆ ಗ್ರೀಸ್ ಸವರಿ ಮೇಲಿನ ತುದಿಯಲ್ಲಿ ನಿಲ್ಲಿಸಿ, ಪ್ಲಗ್ ತೂತು ನೆಟ್ಟಗಾಗುವಂತೆ ಎಂಜಿನ್ ಓರೆ ಇಟ್ಟು, ಸಿರಿಂಜ್‌ನಿಂದ 2ಟಿ ಆಯಿಲ್ ತುಂಬಿ. ತೂತಿನ ಅಂಚಿನವರೆಗೆ ಹಿಡಿದ ಆಯಿಲ್‌ನಲ್ಲಿ ಪ್ಲಗ್ ಎಳೆಗಳ ಜಾಗವೆಂದು ಸುಮಾರು 2 ಸಿಸಿ ಕಳೆಯಿರಿ. ಉಳಿದದ್ದು 14 ಸಿಸಿ ಎನ್ನಿ. 132ಕ್ಕೆ 14 ಕೂಡಿಸಿ 14ರಿಂದ ಭಾಗಿಸಿದರೆ 10.4. ಮಿಶ್ರಣ ಎಷ್ಟು ಪಟ್ಟು ಒತ್ತುತ್ತದೆ ಎಂಬ ಕಂಪ್ರೆಷನ್ ಅನುಪಾತ ಇದೇ. ನಮ್ಮ ಬಿಸಿಲಿಗೆ 10.5 ದಾಟದಂತೆ ನಾನು ನೋಡಿಕೊಳ್ಳುತ್ತೇನೆ. 100ರ ಹೆಡ್ಡನ್ನೇ ಹಾಕಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಲೆಕ್ಕ ಉತ್ತರ. ಜಾಗ 10.5 ಸಿಸಿ ಇದೆ ಎಂದುಕೊಂಡರೆ 98 ಸಿಸಿಗೆ 10.3 ಇದ್ದದ್ದು 132ಕ್ಕೆ 13.6 ಆಗುತ್ತದೆ. ಕಿಕ್ ಕಾಲನ್ನು ಒದೆಯುತ್ತದೆ, ಪಿಸ್ಟನ್ ತಲೆ ತೂತಾಗುತ್ತದೆ.

ಹಂತ 8: ಅಂತಿಮ ಜೋಡಣೆ ಮತ್ತು ಗಾಳಿ ಪರೀಕ್ಷೆ

ಚೇಂಬರ್ ಮುಖಗಳಿಗೆ ಸೀಲೆಂಟ್ ತೆಳ್ಳಗೆ, ಒಂದೇ ಬದಿಗೆ. ಪಿಸ್ಟನ್‌ನ ತಲೆಯ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗೇ ಇರಬೇಕು, ತಿರುವುಮುರುವಾದರೆ ರಿಂಗ್‌ನ ತುದಿ ಪೋರ್ಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ರಿಂಗ್‌ನ ತುದಿಗಳು ತಮ್ಮ ಸಣ್ಣ ಪಿನ್‌ಗಳ ಮೇಲೆ ಕೂತಿವೆಯೇ ಎಂದು ಬ್ಲಾಕ್ ಇಳಿಸುವ ಕ್ಷಣದಲ್ಲೂ ನೋಡಿ. ಪಿನ್ ಲಾಕ್‌ಗಳನ್ನು ಎಂದೂ ಎರಡನೇ ಸಲ ಬಳಸಬೇಡಿ. ಹೆಡ್ ನಟ್‌ಗಳನ್ನು ಕರ್ಣದ ದಿಕ್ಕಿನಲ್ಲಿ, ಮೂರು ಸುತ್ತಿನಲ್ಲಿ ಬಿಗಿಯಿರಿ. 8 ಮಿ.ಮೀ. ಸ್ಟಡ್‌ಗೆ 22 ನ್ಯೂಟನ್ ಮೀಟರ್ ಸಾಕು.

ಈಗ ಬಿಪಿ ಪಂಪ್. ಎಕ್ಸಾಸ್ಟ್ ಬಾಯಿಗೆ ಹಳೆಯ ಟ್ಯೂಬಿನ ರಬ್ಬರ್ ತುಂಡಿಟ್ಟು ಮೇಲೊಂದು ಪಟ್ಟಿ ಬಿಗಿಯಿರಿ. ಇನ್‌ಟೇಕ್ ರಬ್ಬರ್‌ಗೆ ಬಿರಡೆ ಹಾಕಿ, ಅದರಲ್ಲೊಂದು ನಳಿಕೆ ತೂರಿಸಿ ಪಂಪ್ ಜೋಡಿಸಿ. ಪ್ಲಗ್ ಬಿಗಿದಿರಲಿ, ಪಿಸ್ಟನ್ ಕೆಳಗಿರಲಿ. ಗೇಜ್ 250ಕ್ಕೆ ಏರುವವರೆಗೆ ಒತ್ತಿ ಬಿಡಿ. ಅದು ಸುಮಾರು 5 ಪಿಎಸ್‌ಐ. ಒಂದು ನಿಮಿಷದಲ್ಲಿ 50ಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸೋರಿಕೆ ಇದೆ. ಸೋಪಿನ ನೊರೆ ಹಚ್ಚುತ್ತ ಹೋಗಿ, ಗುಳ್ಳೆ ತಾನೇ ತೋರಿಸುತ್ತದೆ. ಸಾಮಾನ್ಯವಾಗಿ ಮ್ಯಾಗ್ನೆಟ್ ಬದಿಯ ಸೀಲ್ ಅಥವಾ ಬ್ಲಾಕ್ ಪ್ಯಾಕಿಂಗ್. ಹೊರಗೆಲ್ಲೂ ಗುಳ್ಳೆ ಬರದೆ ಗೇಜ್ ಮಾತ್ರ ಇಳಿಯುತ್ತಿದ್ದರೆ ಕ್ಲಚ್ ಬದಿಯ ಸೀಲ್ ಹೋಗಿದೆ, ಗಾಳಿ ಗೇರ್‌ಬಾಕ್ಸ್ ಸೇರುತ್ತಿದೆ. ಈ ಪರೀಕ್ಷೆ ಪಾಸಾಗದೆ ಪೆಟ್ರೋಲ್ ಹಾಕಬೇಡಿ.

ಹಂತ 9: ಕಾರ್ಬೊರೇಟರ್ ಮತ್ತು ಕಿಡಿ

ಇಗ್ನಿಷನ್ ಟೈಮಿಂಗ್ ಕಂಪನಿ ಗುರುತಿಗೇ ಇರಲಿ, ಮುಂದೆ ಸರಿಸಬೇಡಿ. ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು ಹಾಕಿ, ಸಂದು 0.6ರಿಂದ 0.7 ಮಿ.ಮೀ.

135ರ ಕಾರ್ಬೊರೇಟರ್ ಸಿಕ್ಕರೆ ಅದನ್ನೇ ಹಾಕಿ. ಹಳೆಯದನ್ನೇ ಉಳಿಸಿಕೊಂಡರೆ ಮೇನ್ ಜೆಟ್ (ಪೆಟ್ರೋಲ್ ಹಾಯುವ ತೂತಿನ ಸಣ್ಣ ತುಂಡು) ಎರಡು ಮೂರು ಸೈಜ್ ದೊಡ್ಡದರಿಂದ ಆರಂಭಿಸಿ, ಆಮೇಲೆ ಒಂದೊಂದೇ ಇಳಿಸಿ. ಸಣ್ಣದರಿಂದ ಶುರು ಮಾಡಿ ದೊಡ್ಡದಕ್ಕೆ ಏರುವವರು ದಾರಿಯಲ್ಲೇ ಪಿಸ್ಟನ್ ಕಳೆದುಕೊಳ್ಳುತ್ತಾರೆ. ಈಗಿನ ಇ20 ಪೆಟ್ರೋಲ್‌ನಲ್ಲಿ ಎಥೆನಾಲ್ ಇರುವುದರಿಂದ ಹಳೆಯ ಜೆಟ್ ಅಂಕಿಗಳು ಇನ್ನೂ ಸಾಲದಾಗುತ್ತವೆ, ಹಳೆಯ ಪೈಪು, ರಬ್ಬರ್‌ಗಳೂ ಮೆತ್ತಗಾಗುತ್ತವೆ. ಪೆಟ್ರೋಲ್ ಪೈಪ್ ಹೊಸದು ಹಾಕಿ.

ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದ್ದು ಒಂದಿದೆ. ಮೇ ತಿಂಗಳ ಮಧ್ಯಾಹ್ನ 43 ಡಿಗ್ರಿಯಲ್ಲಿ ಜೆಟ್ ಹೊಂದಿಸಿದ ಗಾಡಿ ಡಿಸೆಂಬರ್ ಬೆಳಗಿನ 15 ಡಿಗ್ರಿಯಲ್ಲಿ ಲೀನ್ (ಗಾಳಿಗೆ ಪೆಟ್ರೋಲ್ ಸಾಲದಂತೆ) ಆಗುತ್ತದೆ. ತಣ್ಣನೆ ಗಾಳಿ ಸುಮಾರು 10 ಪ್ರತಿಶತ ಹೆಚ್ಚು ದಟ್ಟ, ಪೆಟ್ರೋಲ್ ಮಾತ್ರ ಅಷ್ಟೇ. ಬೇಸಿಗೆಯಲ್ಲಿ ಚೆನ್ನಾಗಿ ಓಡಿದ ಗಾಡಿ ಚಳಿಗಾಲದಲ್ಲಿ ಸೀಜ್ ಆಯಿತೆಂದು ಬಂದವರಿಗೆ ಇದೇ ಕಾರಣ. ಚಳಿ ಬೀಳುವ ಮುನ್ನ ಜೆಟ್ ಒಂದು ಸೈಜ್ ಏರಿಸಿ.

ಫಿಲ್ಟರ್ ತೆಗೆದು ಓಡಿಸುವ ಷೋಕಿ ಬೇಡವೇ ಬೇಡ. ಶಹಾಬಾದ, ವಾಡಿ, ಸೇಡಂ ಕಡೆಯ ಕಲ್ಲಿನ ಪುಡಿ, ಸಿಮೆಂಟ್ ಧೂಳು, ಸುಗ್ಗಿಯ ಕಾಲದ ತೊಗರಿ ಹೊಟ್ಟು, ಎಲ್ಲ ನೇರ ಬೋರ್‌ಗೆ ಹೋಗುತ್ತದೆ. ಫೋಮ್ ಫಿಲ್ಟರ್‌ಗೆ ಎಣ್ಣೆ ಹಚ್ಚಿ ಹಿಂಡಿ ಹಾಕಿ.

ಹಂತ 10: ರನ್ನಿಂಗ್ (ಹೊಸ ಎಂಜಿನ್ ಪಳಗಿಸುವುದು)

ಮೊದಲ 500 ಕಿ.ಮೀ.ಗೆ ಲೀಟರಿಗೆ 40 ಮಿ.ಲೀ. 2ಟಿ ಆಯಿಲ್, ಆಮೇಲೆ 30. ನಿಮ್ಮ ಗಾಡಿಯಲ್ಲಿ ಆಯಿಲ್ ಪಂಪ್ ಇದ್ದರೂ ಮೊದಲ ಟ್ಯಾಂಕಿಗೆ ಪೆಟ್ರೋಲ್‌ನಲ್ಲೂ ಬೆರೆಸಿ. ಮೊದಲ ಸಲ ಚಾಲೂ ಮಾಡಿ ಮೂರು ನಿಮಿಷ, ನಂದಿಸಿ, ಕೈಗೆ ಪೂರ್ತಿ ತಣ್ಣಗಾಗುವವರೆಗೆ ಬಿಡಿ. ಹೀಗೆ ಮೂರು ಸಲ. ಆಮೇಲೆ ಹೆಡ್ ನಟ್ ಮತ್ತೆ ಬಿಗಿದು ನೋಡಿ.

ಓಡಿಸಿ ನೋಡುವುದು ಬೆಳಗಿನ ಆರೂವರೆ ಒಳಗೆ, ತೆರೆದ ಜಾಗದಲ್ಲಿ. ಮೊದಲ 200 ಕಿ.ಮೀ. ಅರ್ಧ ಎಕ್ಸಲರೇಟರ್ ಮೀರಬೇಡಿ. ಒಂದೇ ವೇಗದಲ್ಲಿ ಬಹಳ ಹೊತ್ತು ಹಿಡಿಯಬೇಡಿ, ಏರಿಸುತ್ತ ಇಳಿಸುತ್ತ ಇರಿ. ಕ್ಲಚ್ ಲಿವರ್ ಮೇಲೆ ಸದಾ ಎರಡು ಬೆರಳು. ಎಂಜಿನ್ ಸದ್ದು ತೆಳ್ಳಗಾಗಿ ಚಿರ್ ಎಂದರೆ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ಸೋತರೆ, ಎಕ್ಸಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದಿದ್ದರೆ, ಆ ಕ್ಷಣವೇ ಕ್ಲಚ್ ಒತ್ತಿ ನಂದಿಸಿ. ಕೊನೆಯದು ಸಾಮಾನ್ಯವಾಗಿ ಗಾಳಿ ಸೋರಿಕೆಯ ಲಕ್ಷಣ.

ಸೀಜ್ ಆಗಿಯೇ ಹೋದರೆ ಪಿಸ್ಟನ್ ಎಸೆಯಬೇಡಿ, ಅದರ ಮೈಮೇಲೆ ಕಾರಣ ಬರೆದಿರುತ್ತದೆ. ನಾಲ್ಕು ಮೂಲೆಗಳಲ್ಲಿ ಗೀರು ಇದ್ದರೆ ಬೋರ್ ಸಂದು ಕಡಿಮೆ, ಅಥವಾ ತಣ್ಣಗಿದ್ದಾಗಲೇ ಜೋರು ಓಡಿಸಿದ್ದೀರಿ. ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಇದ್ದರೆ ಮಿಶ್ರಣ ಲೀನ್, ಎಂಜಿನ್ ಅತಿಯಾಗಿ ಕಾದಿದೆ. ಇನ್‌ಟೇಕ್ ಬದಿಯಲ್ಲಿದ್ದರೆ ಆಯಿಲ್ ಸಾಲದು ಅಥವಾ ಧೂಳು ಒಳಗೆ ಹೋಗಿದೆ. ಕಾರಣ ಸರಿಪಡಿಸದೆ ಹೊಸ ಪಿಸ್ಟನ್ ಹಾಕಿದರೆ ಅದಕ್ಕೂ ಅದೇ ಗತಿ.

ಹಂತ 11: 500 ಕಿ.ಮೀ. ಆದ ಮೇಲೆ

ಪ್ಲಗ್ ತೆಗೆದು ನೋಡಿ. ಚಹಾದ ಕಂದು ಬಣ್ಣ ಇದ್ದರೆ ಜೆಟ್ ಸರಿ, ಬೂದಿಯಂತೆ ಬಿಳಿಚಿದ್ದರೆ ದೊಡ್ಡದು ಹಾಕಿ. ಸೈಲೆನ್ಸರ್ ಬಿಚ್ಚಿ ಎಕ್ಸಾಸ್ಟ್ ಬಾಯಿಯಿಂದ ಪಿಸ್ಟನ್‌ನ ಮೈ ನೋಡಿ, ಉದ್ದುದ್ದ ಗೆರೆ ಇರಬಾರದು. ಗೇರ್ ಆಯಿಲ್ ಬದಲಿಸಿ, ಹಳೆಯದನ್ನು ಬಿಳಿ ತಟ್ಟೆಗೆ ಹರಿಸಿ ಲೋಹದ ಚೂರುಗಳಿವೆಯೇ ಪರೀಕ್ಷಿಸಿ. ಮೂರನೇ ಗೇರಿನಲ್ಲಿ ಎಕ್ಸಲರೇಟರ್ ಕೊಟ್ಟಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಪ್ಲೇಟ್ ಮತ್ತು ಸ್ಪ್ರಿಂಗ್ ಸೆಟ್ ಹೊಸದು ಬೇಕು. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ದೊಡ್ಡದು ಮಾಡಿದರೆ ಎಂಜಿನ್ ಅದೇ ವೇಗಕ್ಕೆ ಕಡಿಮೆ ಸುತ್ತುತ್ತದೆ, ಕಡಿಮೆ ಕಾಯುತ್ತದೆ.

ಬ್ರೇಕ್ ಈ ಗಾಡಿಯಲ್ಲಿ ಹಿಂದೆ ಮುಂದೆ ಎರಡೂ ಡ್ರಮ್. 98 ಸಿಸಿಯ ವೇಗಕ್ಕೆ ಮಾಡಿದ್ದು. ಹೊಸ ಲೈನರ್, ಹೊಸ ಕೇಬಲ್ ಹಾಕಿ, ಡ್ರಮ್ ಅಂಡಾಕಾರವಾಗಿದ್ದರೆ ಅದೇ ಲೇತ್‌ಗೆ ಒಯ್ದು ಸಮ ಮಾಡಿಸಿ. ಅರವತ್ತರ ವೇಗದಲ್ಲಿ ಎಷ್ಟು ದೂರದಲ್ಲಿ ನಿಲ್ಲುತ್ತದೆಂದು ಖಾಲಿ ಜಾಗದಲ್ಲಿ ಹೆಜ್ಜೆ ಹಾಕಿ ಅಳೆದ ಮೇಲೆಯೇ ಪೂರ್ತಿ ಎಕ್ಸಲರೇಟರ್ ತಿರುವಿ.